ಇಂಗ್ಲಿಷ್ ಕ್ರಿಯಾಪದಕ್ಕೆ ಸರಿಯಾದ ಜೊತೆ ಹುಡುಕುವುದು ಹೇಗೆ? 'ಮಾಡು, ಹಾಕು, ತೆಗೆ'ಯಿಂದ 'ಪುಟ್ ಆಫ್' ತನಕ

"ಫ್ರೇಸಲ್ ವರ್ಬ್‌ಗಳ ಪಟ್ಟಿ ಇಟ್ಕೊಂಡು ಓದ್ತಿದೀನಿ. ಆದ್ರೆ ಮಾತಾಡುವಾಗ ಒಂದೂ ಬಾಯಿಗೆ ಬರಲ್ಲ." ಇಂಗ್ಲಿಷ್ ತಿದ್ದಿಕೊಳ್ಳಲು ಹೊರಟ ಬೆಂಗಳೂರಿನ ಕನ್ನಡಿಗರ ದೂರು ಹೆಚ್ಚುಕಡಿಮೆ ಇದೇ. ಪಟ್ಟಿ ಅಕ್ಷರಕ್ರಮದಲ್ಲಿ ಶುರುವಾಗುತ್ತದೆ. 'ಬ್ರೇಕ್' ಬರುವ ಹೊತ್ತಿಗೆ ಬ್ರೇಕ್ ಡೌನ್, ಬ್ರೇಕ್ ಇನ್, ಬ್ರೇಕ್ ಔಟ್, ಬ್ರೇಕ್ ಅಪ್ ಎಲ್ಲ ಕಲಸಿಹೋಗುತ್ತದೆ. 'ಸಿ' ಅಕ್ಷರ ಮುಗಿಯುವ ಮೊದಲೇ ಪಟ್ಟಿ ಮೂಲೆ ಸೇರುತ್ತದೆ.

ಇದರಲ್ಲಿ ನೆನಪಿನ ಶಕ್ತಿಯ ತಪ್ಪೇನೂ ಇಲ್ಲ. ಕಲಿಯುವ ಕ್ರಮ ತಲೆಕೆಳಗಾಗಿದೆ, ಅಷ್ಟೇ. ಇಂಗ್ಲಿಷ್ ಕ್ರಿಯಾಪದ ಮೂರು ಬಗೆಯ ಜೊತೆಗಾರರನ್ನು ಕಟ್ಟಿಕೊಂಡು ಓಡಾಡುತ್ತದೆ. ಒಂದು, ನಾಮಪದ: 'ಮೇಕ್ ಎ ಮಿಸ್ಟೇಕ್'. ಎರಡು, ಪ್ರಿಪೊಸಿಷನ್: 'ವೇಟ್ ಫಾರ್ ದ ಬಸ್'. ಮೂರು, ಪಾರ್ಟಿಕಲ್, ಅಂದರೆ ಪಕ್ಕಕ್ಕೆ ಬಂದು ಕ್ರಿಯಾಪದದ ಅರ್ಥವನ್ನೇ ಬದಲಿಸುವ ಚಿಕ್ಕ ಪದ: 'ರನ್ ಔಟ್', 'ಪುಟ್ ಆಫ್'. ಫ್ರೇಸಲ್ ವರ್ಬ್ ಅನ್ನುವುದು ಈ ಮೂರನೇ ಬಗೆಯ ಜೋಡಿಗೇ. ಎಲ್ಲರೂ ಮೂರನೆಯದರಿಂದ ಶುರು ಮಾಡುತ್ತಾರೆ. ಕೇಳೋಕೆ ಚೆನ್ನಾಗಿರುತ್ತದಲ್ವಾ, ಅದಕ್ಕೆ. ಆದರೆ ನಮ್ಮ ದಿನದ ತಪ್ಪುಗಳಲ್ಲಿ ಜಾಸ್ತಿ ಇರುವುದು ಮೊದಲ ಎರಡರಲ್ಲಿ. ಆದ್ದರಿಂದ ಇಲ್ಲಿ ಮೊದಲು ನಾಮಪದ, ಆಮೇಲೆ ಪ್ರಿಪೊಸಿಷನ್, ಕೊನೆಗೆ ಪಾರ್ಟಿಕಲ್.

## ಶುರು ಮಾಡುವ ಮುಂಚೆ ಏನೇನು ಬೇಕು

ಒಂದು ನೋಟ್‌ಬುಕ್ ಅಥವಾ ಫೋನಿನ ನೋಟ್ಸ್ ಆ್ಯಪ್. ಕಲಿಯುವವರಿಗಾಗಿಯೇ ಮಾಡಿದ ಒಂದು ನಿಘಂಟು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ತಮ್ಮ ಲರ್ನರ್ಸ್ ಡಿಕ್ಷನರಿಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಟ್ಟಿವೆ. ಇಂಗ್ಲಿಷ್-ಕನ್ನಡ ನಿಘಂಟು ಈ ಕೆಲಸಕ್ಕೆ ಸಾಲದು. ಅದು ಪದದ ಅರ್ಥ ಹೇಳುತ್ತದೆ. ಆ ಪದದ ಪಕ್ಕ ಯಾರು ಕೂರಬೇಕು ಎಂದು ಸಾಮಾನ್ಯವಾಗಿ ಹೇಳುವುದಿಲ್ಲ.

ಇನ್ನೊಂದು, ಕಾಲೊಕೇಶನ್ ಡಿಕ್ಷನರಿ. ಯಾವ ಪದದ ಜೊತೆ ಯಾವ ಪದ ಬರುತ್ತದೆ ಎಂಬುದನ್ನಷ್ಟೇ ತೋರಿಸುವ ನಿಘಂಟು ಇದು. ಆಕ್ಸ್‌ಫರ್ಡ್‌ನದ್ದು 2002ರಲ್ಲಿ ಮೊದಲು ಬಂತು, 2009ರಲ್ಲಿ ಎರಡನೇ ಆವೃತ್ತಿ. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ. ಹಳೇ ಆವೃತ್ತಿ ಸಿಕ್ಕರೂ ಸಾಕು, ಯಾವ ಪದದ ಜೊತೆ ಯಾವುದು ಅನ್ನುವುದು ಅಷ್ಟು ಬೇಗ ಬದಲಾಗುವುದಿಲ್ಲ. ಸಿಗದಿದ್ದರೆ ಲಾಂಗ್‌ಮನ್‌ನ ಆನ್‌ಲೈನ್ ನಿಘಂಟು ನೋಡಿ. ಮುಖ್ಯ ಪದಗಳ ಕೆಳಗೆ ಇದೇ ಮಾಹಿತಿ ಒಂದು ಪೆಟ್ಟಿಗೆಯಲ್ಲಿ ಇರುತ್ತದೆ.

'ಐನೂರು ಫ್ರೇಸಲ್ ವರ್ಬ್‌ಗಳು' ಎಂಬ ಪಿಡಿಎಫ್ ಇದ್ದರೆ ಸದ್ಯಕ್ಕೆ ಬದಿಗಿಡಿ.

## ಹಂತ 1: ಮೊದಲು ನಿಮ್ಮ ಕನ್ನಡವನ್ನು ಗಮನಿಸಿ

ಎರಡು ದಿನ ಇಂಗ್ಲಿಷ್ ಮುಟ್ಟಬೇಡಿ. ನೀವೇ ಆಡುವ ಕನ್ನಡದಲ್ಲಿ ಆರು ಕ್ರಿಯಾಪದಗಳನ್ನು ಹಿಡಿಯಿರಿ: ಮಾಡು, ಹಾಕು, ತೆಗೆ, ಕೊಡು, ಹೊಡೆ, ಬಿಡು. ಇವು ಎಲ್ಲೆಲ್ಲಿ ಬರುತ್ತವೋ ಹಾಗೆಯೇ ಬರೆದುಕೊಳ್ಳಿ. ಫೋನ್ ಮಾಡು, ರಜೆ ಹಾಕು, ಶೂ ತೆಗೆ, ಇಂಟರ್‌ವ್ಯೂ ಕೊಡು, ಹಾರ್ನ್ ಹೊಡಿ, ಆಫೀಸಿಗೆ ಬಿಡು.

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಹಾಗೆ ಮಾಡಬೇಡಿ. ಈ ಪಟ್ಟಿಯಲ್ಲಿ ಇರುವುದು ನೀವು ದಿನಾ ಹೇಳಬೇಕಾದ ಮಾತುಗಳು. ಯಾರೋ ಮಾಡಿದ ಪಟ್ಟಿಯಲ್ಲಿ ಇರುವುದು ಅವರು ಹೇಳಬೇಕಾದ ಮಾತುಗಳು. ಅದು ನಿಮ್ಮ ಬಾಯಿಗೆ ಬರದಿದ್ದರೆ ಆಶ್ಚರ್ಯ ಏನಿದೆ?

## ಹಂತ 2: ಕ್ರಿಯಾಪದ ಮತ್ತು ನಾಮಪದದ ಜೋಡಿ

ಇಲ್ಲಿ ಒಂದೇ ಒಂದು ಉಪಾಯ ಇದೆ. ನಿಘಂಟಿನಲ್ಲಿ ಕ್ರಿಯಾಪದ ಹುಡುಕಬೇಡಿ, ನಾಮಪದ ಹುಡುಕಿ. 'ಗಮನ ಕೊಡು' ಎನ್ನಬೇಕು ಎಂದುಕೊಳ್ಳಿ. 'ಗಿವ್' ತೆರೆದರೆ ಉದ್ದಕ್ಕೆ ಅರ್ಥಗಳ ಸಾಲು, ದಾರಿ ತಪ್ಪುತ್ತೀರಿ. 'ಅಟೆನ್ಷನ್' ತೆರೆಯಿರಿ, ಅಲ್ಲೇ 'ಪೇ' ಕಾಣುತ್ತದೆ. ಜೋಡಿಯಲ್ಲಿ ನಾಮಪದ ತನ್ನ ಅರ್ಥ ಬಿಡುವುದಿಲ್ಲ, ಗಮನ ಯಾವಾಗಲೂ ಗಮನವೇ. ಬಣ್ಣ ಬದಲಿಸುವುದು ಕ್ರಿಯಾಪದ.

ಈಗ ನಿಮ್ಮ ಪಟ್ಟಿಯನ್ನು ಒಂದೊಂದಾಗಿ ಬಿಡಿಸಿ.

ಮಾಡು. 'ಡೂ' ಮತ್ತು 'ಮೇಕ್' ನಡುವೆ ಒದ್ದಾಡುವವರು ಒಂದು ಗೆರೆ ಎಳೆದುಕೊಳ್ಳಬಹುದು. ಕೆಲಸ, ಅಭ್ಯಾಸ, ಕರ್ತವ್ಯದಂಥವಕ್ಕೆ ಸಾಮಾನ್ಯವಾಗಿ 'ಡೂ': ಡೂ ಹೋಮ್‌ವರ್ಕ್, ಡೂ ದ ಡಿಶಸ್, ಡೂ ಎ ಕೋರ್ಸ್. ಮಾಡಿ ಮುಗಿಸಿದ ಮೇಲೆ ಹೊಸದೇನೋ ಹುಟ್ಟುವುದಕ್ಕೆ 'ಮೇಕ್': ಮೇಕ್ ಎ ಮಿಸ್ಟೇಕ್, ಮೇಕ್ ಎ ಪ್ಲ್ಯಾನ್, ಮೇಕ್ ಕಾಫಿ, ಮೇಕ್ ಎ ನಾಯ್ಸ್. ಆದರೆ ಕನ್ನಡದ 'ಮಾಡು' ಈ ಎರಡರಲ್ಲೇ ಮುಗಿಯುವುದಿಲ್ಲ, ಅದೇ ತೊಂದರೆ. ಊಟ ಮಾಡು ಅಂದರೆ 'ಹ್ಯಾವ್ ಲಂಚ್'. ಸ್ನಾನ ಮಾಡು ಅಂದರೆ 'ಹ್ಯಾವ್ ಎ ಬಾತ್' ಅಥವಾ 'ಟೇಕ್ ಎ ಬಾತ್'. ಜಗಳ ಮಾಡಿದರು ಅಂದರೆ 'ದೇ ಹ್ಯಾಡ್ ಎ ಫೈಟ್'. ನಿದ್ದೆ ಮಾಡು, ಮದುವೆ ಮಾಡಿಕೋ ಇಂಥವಕ್ಕೆ ನಾಮಪದವೇ ಬೇಕಿಲ್ಲ, ಸುಮ್ನೆ 'ಸ್ಲೀಪ್', 'ಮ್ಯಾರಿ'.

ಹಾಕು. ಬೆಂಗಳೂರಿನ ಆಫೀಸುಗಳಲ್ಲಿ 'ಐ ಪುಟ್ ಲೀವ್' ಎಂಬ ವಾಕ್ಯ ಓಡಾಡುವುದು ಈ 'ಹಾಕು'ವಿನ ದೆಸೆಯಿಂದ. ರಜೆ ಹಾಕುವುದು 'ಅಪ್ಲೈ ಫಾರ್ ಲೀವ್', ರಜೆ ತಗೊಂಡಾಗ 'ಟೇಕ್ ಲೀವ್', ರಜೆಯಲ್ಲಿದ್ದಾಗ 'ಐ ಆ್ಯಮ್ ಆನ್ ಲೀವ್'. ಸಹಿ ಹಾಕು 'ಸೈನ್'. ಬೀಗ ಹಾಕು 'ಲಾಕ್'. ಬ್ರೇಕ್ ಹಾಕು 'ಹಿಟ್ ದ ಬ್ರೇಕ್ಸ್'. ಮೆಸೇಜ್ ಹಾಕು 'ಸೆಂಡ್ ಎ ಮೆಸೇಜ್'. ಅಕೌಂಟಿಗೆ ದುಡ್ಡು ಹಾಕು 'ಟ್ರಾನ್ಸ್‌ಫರ್ ದ ಮನಿ'. ಆಟೋದವರಿಗೆ ಮೀಟರ್ ಹಾಕಿ ಅನ್ನುವುದು 'ಟರ್ನ್ ಆನ್ ದ ಮೀಟರ್'. ಮೀಟರ್ ಹಾಕುತ್ತಾರೋ ಬಿಡುತ್ತಾರೋ, ಅದು ವ್ಯಾಕರಣದ ಕೈಯಲ್ಲಿಲ್ಲ.

ತೆಗೆ. ಬಾಗಿಲು ತೆಗೆ 'ಓಪನ್'. ಫೋಟೋ ತೆಗೆ 'ಟೇಕ್'. ಶೂ ತೆಗೆ 'ಟೇಕ್ ಆಫ್'. ಎಟಿಎಂನಿಂದ ದುಡ್ಡು ತೆಗೆ 'ವಿದ್‌ಡ್ರಾ' ಅಥವಾ 'ಟೇಕ್ ಔಟ್'. ಮಾರ್ಕ್ಸ್ ತೆಗೆ 'ಗೆಟ್' ಅಥವಾ 'ಸ್ಕೋರ್'. ಒಂದು ಕನ್ನಡ ಪದ, ಇಂಗ್ಲಿಷ್‌ನಲ್ಲಿ ಐದು ದಾರಿ.

ಕೊಡು. ಇಲ್ಲಿ ಒಂದು ಗುಂಡಿ ಇದೆ, ಕೆಲಸ ಹುಡುಕುವವರು ನೋಡಿಕೊಂಡು ನಡೆಯಿರಿ. 'ಐ ಗೇವ್ ಆ್ಯನ್ ಇಂಟರ್‌ವ್ಯೂ' ಅಂದರೆ ಪತ್ರಕರ್ತರು ಬಂದು ನಿಮ್ಮನ್ನು ಮಾತಾಡಿಸಿದರು ಎಂದಾಗುತ್ತದೆ. ಕೆಲಸಕ್ಕೆ ಹೋದವರು 'ಐ ಹ್ಯಾಡ್ ಆ್ಯನ್ ಇಂಟರ್‌ವ್ಯೂ' ಎನ್ನಬೇಕು. ಬಾಡಿಗೆ ಕೊಡು, ಫೀಸ್ ಕಟ್ಟು, ಗಮನ ಕೊಡು ಮೂರಕ್ಕೂ 'ಪೇ'. ಪರೀಕ್ಷೆ ನಾವು ಬರೆಯುತ್ತೇವೆ, ಹಿಂದಿಯವರು ಕೊಡುತ್ತಾರೆ, ಇಂಗ್ಲಿಷ್‌ನಲ್ಲಿ ಅದು 'ಟೇಕ್ ಆ್ಯನ್ ಎಕ್ಸಾಮ್'. ಬ್ರಿಟನ್ನಿನಲ್ಲಿ 'ಸಿಟ್ ಆ್ಯನ್ ಎಕ್ಸಾಮ್' ಎಂದೂ ಹೇಳುತ್ತಾರೆ.

ಹೊಡೆ. ಇದು ಸುಲಭ. ಕಸ ಹೊಡಿ 'ಸ್ವೀಪ್', ಬಣ್ಣ ಹೊಡಿ 'ಪೇಂಟ್', ಹಾರ್ನ್ ಹೊಡಿ 'ಹಾಂಕ್', ಗಂಟೆ ಹೊಡಿ 'ರಿಂಗ್ ದ ಬೆಲ್'. ಇಲ್ಲೆಲ್ಲ 'ಬೀಟ್' ಬರುವ ಸಾಧ್ಯತೆಯೇ ಇಲ್ಲ.

ಬಿಡು. ಆಫೀಸಿಗೆ ಬಿಡು 'ಡ್ರಾಪ್ ಮಿ ಆಫ್ ಅಟ್ ದ ಆಫೀಸ್'. ಸಿಗರೇಟ್ ಬಿಟ್ಟೆ 'ಐ ಗೇವ್ ಅಪ್ ಸ್ಮೋಕಿಂಗ್'. ಕೆಲಸ ಬಿಟ್ಟೆ 'ಐ ಕ್ವಿಟ್'. ಹೋಗ್ಲಿ ಬಿಡು 'ಲೆಟ್ ಇಟ್ ಗೋ'. ಗಮನಿಸಿ, ಪಾರ್ಟಿಕಲ್‌ಗಳು ತಾವಾಗಿಯೇ ಒಳಗೆ ಬರಲು ಶುರು ಮಾಡಿವೆ. ಅವನ್ನು ಈಗ ಸುಮ್ನೆ ಬರೆದುಕೊಳ್ಳಿ. ವಿವರ ನಾಲ್ಕನೇ ಹಂತದಲ್ಲಿ.

*ಬರೆಯುವ ರೀತಿ:* ನೋಟ್‌ಬುಕ್‌ನಲ್ಲಿ 'ಪೇ = ಕೊಡು' ಎಂದು ಬರೆಯಬೇಡಿ. 'ಪೇ ಅಟೆನ್ಷನ್ ಟು ದ ಟೀಚರ್' ಎಂದು ಇಡೀ ತುಂಡು ಬರೆಯಿರಿ. ಪಕ್ಕದಲ್ಲಿ ನಿಮ್ಮ ಕನ್ನಡ ವಾಕ್ಯ. ಒಂಟಿ ಪದ ಬರೆದರೆ ನಾಳೆ ಮತ್ತೆ 'ಗಿವ್ ಅಟೆನ್ಷನ್' ಬಾಯಿಗೆ ಬರುವುದು ಖಂಡಿತ.

## ಹಂತ 3: ವಿಭಕ್ತಿ ಬಿಡಿ, ಪ್ರಿಪೊಸಿಷನ್ ಹಿಡಿಯಿರಿ

ಕನ್ನಡದಲ್ಲಿ 'ಗೆ', 'ಅಲ್ಲಿ', 'ಇಂದ' ಪದದ ಬಾಲಕ್ಕೆ ಅಂಟುತ್ತವೆ. ಇಂಗ್ಲಿಷ್‌ನಲ್ಲಿ ಆ ಕೆಲಸ ಮಾಡುವ ಚಿಕ್ಕ ಪದ ನಾಮಪದಕ್ಕಿಂತ ಮೊದಲು ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ತಪ್ಪಾಗುವುದು, ಒಂದು ವಿಭಕ್ತಿಗೆ ಒಂದು ಪ್ರಿಪೊಸಿಷನ್ ಎಂದು ಲೆಕ್ಕ ಹಾಕುವುದರಿಂದ. ಇಂಗ್ಲಿಷ್‌ನಲ್ಲಿ ಯಾವ ಪ್ರಿಪೊಸಿಷನ್ ಬರಬೇಕು ಅನ್ನುವುದನ್ನು ಬಹಳ ಸಲ ಕ್ರಿಯಾಪದವೇ ತೀರ್ಮಾನಿಸುತ್ತದೆ.

'ಗೆ' ಇದ್ದಲ್ಲೆಲ್ಲ 'ಟು' ಅಲ್ಲ. 'ಮೆಜೆಸ್ಟಿಕ್‌ಗೆ ತಲುಪಿದೆ' ಅನ್ನುವುದು 'ಐ ರೀಚ್ಡ್ ಮೆಜೆಸ್ಟಿಕ್', ನಡುವೆ ಏನೂ ಇಲ್ಲ. ಅದೇ 'ಗೆಟ್' ಬಳಸಿದರೆ 'ಐ ಗಾಟ್ ಟು ಮೆಜೆಸ್ಟಿಕ್'. 'ಅರೈವ್' ಬಳಸಿದರೆ ಊರಿಗೆ 'ಇನ್', ಸ್ಟೇಷನ್ನಿಗೆ 'ಅಟ್'. 'ಅವನಿಗೆ ಕೇಳಿದೆ' ಅಂದರೆ 'ಐ ಆಸ್ಕ್ಡ್ ಹಿಮ್'. 'ಬಸ್ಸಿಗೆ ಕಾಯ್ತಿದೀನಿ' ಅಂದರೆ 'ವೇಟಿಂಗ್ ಫಾರ್ ದ ಬಸ್'. ಕೆಲಸಕ್ಕೆ ಅರ್ಜಿ ಹಾಕಿದರೆ ಹುದ್ದೆಗೆ 'ಅಪ್ಲೈ ಫಾರ್', ಕಂಪನಿಗೆ 'ಅಪ್ಲೈ ಟು'.

ಉಲ್ಟಾ ತಪ್ಪೂ ಇದೆ, ಅದು ಇನ್ನೂ ಜಾಸ್ತಿ ಕೇಳಿಸುತ್ತದೆ. 'ಸಜೆಸ್ಟ್ ಮಿ ಎ ಗುಡ್ ಪಿಜಿ ಇನ್ ಬಿಟಿಎಂ', 'ಎಕ್ಸ್‌ಪ್ಲೇನ್ ಮಿ ದಿಸ್'. 'ಟೆಲ್ ಮಿ', 'ಗಿವ್ ಮಿ' ಸರಿ ಇರುವಾಗ ಇವೂ ಸರಿ ಅನ್ನಿಸುವುದು ಸಹಜ. ಆದರೆ 'ಎಕ್ಸ್‌ಪ್ಲೇನ್', 'ಸಜೆಸ್ಟ್' ಎರಡೂ ವ್ಯಕ್ತಿಯನ್ನು ನೇರವಾಗಿ ಪಕ್ಕಕ್ಕೆ ಕೂರಿಸಿಕೊಳ್ಳುವುದಿಲ್ಲ. 'ಎಕ್ಸ್‌ಪ್ಲೇನ್ ದಿಸ್ ಟು ಮಿ', 'ಕ್ಯಾನ್ ಯು ಸಜೆಸ್ಟ್ ಎ ಗುಡ್ ಪಿಜಿ?' ಎನ್ನಿ.

'ಅಲ್ಲಿ' ಮೂರಾಗಿ ಒಡೆಯುತ್ತದೆ: ಇನ್, ಆನ್, ಅಟ್. ಜಯನಗರದಲ್ಲಿ ವಾಸ 'ಇನ್'. ಎಂ.ಜಿ. ರೋಡಿನಲ್ಲಿ ಅಂಗಡಿ 'ಆನ್'. ಬಸ್ ಸ್ಟಾಪಿನಲ್ಲಿ ನಿಂತಿದ್ದೇನೆ 'ಅಟ್'. ವಾಹನಗಳಿಗೆ ಒಂದು ಸುಲಭ ಗುರುತು ಇದೆ. ಒಳಗೆ ಎದ್ದು ನಿಂತು ಓಡಾಡಬಹುದಾದರೆ 'ಆನ್': ಬಿಎಂಟಿಸಿ ಬಸ್, ಮೆಟ್ರೋ, ರೈಲು, ವಿಮಾನ. ಬಗ್ಗಿ ತೂರಿಕೊಂಡು ಕೂರಬೇಕಾದರೆ 'ಇನ್': ಆಟೋ, ಕಾರು. ಹತ್ತುವುದು ಇಳಿಯುವುದೂ ಹೀಗೆಯೇ. ಬಸ್ಸಿಗೆ 'ಗೆಟ್ ಆನ್', 'ಗೆಟ್ ಆಫ್'. ಆಟೋಗೆ 'ಗೆಟ್ ಇನ್', 'ಗೆಟ್ ಔಟ್ ಆಫ್'. ಬಸ್ಸಿಂದ ಇಳಿಯುವುದಕ್ಕೆ ನಾವು ಹೇಳುವ 'ಗೆಟ್ ಡೌನ್' ಇಲ್ಲಿ ನಡೆಯುತ್ತದೆ, ಹೊರಗಿನವರಿಗೆ ವಿಚಿತ್ರವಾಗಿ ಕೇಳಿಸುತ್ತದೆ. 'ಐ ಗಾಟ್ ಆಫ್ ಅಟ್ ಸಿಲ್ಕ್ ಬೋರ್ಡ್' ಎಂದು ರೂಢಿ ಮಾಡಿಕೊಳ್ಳಿ.

'ಇಂದ' ಅತ್ಯಂತ ಮೋಸದ್ದು. 'ಮೂರು ವರ್ಷದಿಂದ', '2021ರಿಂದ' ಎರಡರಲ್ಲೂ ಕನ್ನಡಕ್ಕೆ ಒಂದೇ 'ಇಂದ'. ಇಂಗ್ಲಿಷ್‌ನಲ್ಲಿ ಅವಧಿಗೆ 'ಫಾರ್', ಶುರುವಾದ ಹೊತ್ತಿಗೆ 'ಸಿನ್ಸ್'. ಜೊತೆಗೆ ಕ್ರಿಯಾಪದದ ಕಾಲವೂ ಬದಲಾಗಬೇಕು. 'ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್' ಅನ್ನುವ ಒಂದೇ ವಾಕ್ಯದಲ್ಲಿ ಎರಡು ತಪ್ಪು. ಸರಿಯಾದದ್ದು 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್'.

ಉಳಿದವನ್ನು ಬೇಗ ನೋಡಿಬಿಡೋಣ. 'ಅವಳ ಜೊತೆ ಮದುವೆ'ಗೆ 'ವಿತ್' ಬೇಡ: 'ಹಿ ಮ್ಯಾರಿಡ್ ಹರ್', 'ಹಿ ಈಸ್ ಮ್ಯಾರಿಡ್ ಟು ಹರ್'. 'ಅವನ ಮೇಲೆ ಕೋಪ'ಕ್ಕೆ 'ಆನ್' ಬೇಡ: 'ಆ್ಯಂಗ್ರಿ ವಿತ್' ಅಥವಾ 'ಆ್ಯಂಗ್ರಿ ಅಟ್'. ಆದರೆ 'ಅವನ ಮೇಲೆ ಅವಲಂಬನೆ'ಗೆ 'ಡಿಪೆಂಡ್ ಆನ್' ಸರಿಹೊಂದುತ್ತದೆ. ಇಂಥ ಹೊಂದಿಕೆ ಸಿಕ್ಕಾಗ ಖುಷಿಪಡಿ, ನಿಯಮ ಮಾಡಿಕೊಳ್ಳಬೇಡಿ.

'ಬಗ್ಗೆ' ಮತ್ತು 'ಡಿಸ್ಕಸ್ ಅಬೌಟ್'. ಈ ತಪ್ಪು ಎಷ್ಟು ತಿದ್ದಿದರೂ ವಾಪಸ್ ಬರುತ್ತದೆ. ಕಾರಣ ಇದೆ. 'ಎ ಡಿಸ್ಕಷನ್ ಅಬೌಟ್ ಸ್ಯಾಲರಿ' ಸರಿ, 'ವಿ ಡಿಸ್ಕಸ್ಡ್ ಅಬೌಟ್ ಸ್ಯಾಲರಿ' ತಪ್ಪು. ನಾಮಪದಕ್ಕೆ ಪ್ರಿಪೊಸಿಷನ್ ಬೇಕು, ಅದೇ ಮೂಲದ ಕ್ರಿಯಾಪದಕ್ಕೆ ಬೇಡ. ಹೀಗೆ ನಡೆದುಕೊಳ್ಳುವ ಒಂದು ಗುಂಪೇ ಇದೆ:

- 'ಆ್ಯನ್ ಆನ್ಸರ್ ಟು ದ ಕ್ವೆಶ್ಚನ್', ಆದರೆ 'ಆನ್ಸರ್ ದ ಕ್ವೆಶ್ಚನ್'
- 'ಎ ರಿಕ್ವೆಸ್ಟ್ ಫಾರ್ ಲೀವ್', ಆದರೆ 'ರಿಕ್ವೆಸ್ಟ್ ಲೀವ್'
- 'ಆ್ಯನ್ ಆರ್ಡರ್ ಫಾರ್ ತ್ರೀ ದೋಸಾಸ್', ಆದರೆ 'ಆರ್ಡರ್ ತ್ರೀ ದೋಸಾಸ್'
- 'ಎಂಫಸಿಸ್ ಆನ್ ಕ್ವಾಲಿಟಿ', ಆದರೆ 'ಎಂಫಸೈಸ್ ಕ್ವಾಲಿಟಿ'
- 'ಎ ಲ್ಯಾಕ್ ಆಫ್ ಸ್ಪೇಸ್', ಆದರೆ 'ದ ರೂಮ್ ಲ್ಯಾಕ್ಸ್ ಸ್ಪೇಸ್'
- 'ಎಂಟ್ರಿ ಇನ್‌ಟು ದ ಬಿಲ್ಡಿಂಗ್', ಆದರೆ 'ಎಂಟರ್ ದ ಬಿಲ್ಡಿಂಗ್'

ಈ ಆರನ್ನು ಬಿಡಿ ಪದಗಳಾಗಿ ಕಲಿಯದೆ ಜೋಡಿಯಾಗಿಯೇ ಕಲಿಯಿರಿ. ಒಂದೇ ಹೇಳಿಕೊಟ್ಟರೆ ಇನ್ನೊಂದು ಕೆಡುತ್ತದೆ. 'ಡಿಸ್ಕಸ್ ಅಬೌಟ್ ತಪ್ಪು' ಎಂದಷ್ಟೇ ತಿಳಿದವರು ಆಮೇಲೆ 'ಡಿಸ್ಕಷನ್ ಅಬೌಟ್' ಬರೆಯಲೂ ಹೆದರುತ್ತಾರೆ.

## ಹಂತ 4: ಈಗ ಪಾರ್ಟಿಕಲ್‌ಗಳು

ಅಪ್, ಡೌನ್, ಆಫ್, ಆನ್, ಔಟ್, ಬ್ಯಾಕ್, ಓವರ್. ಕ್ರಿಯಾಪದದ ಪಕ್ಕ ಇವು ಬಂದರೆ ಅರ್ಥವೇ ಬೇರೆಯಾಗಬಹುದು. ಇದು ನಮಗೆ ಹೊಸದಲ್ಲ. 'ನೋಡು' ಬೇರೆ, 'ನೋಡಿಕೊಳ್ಳು' ಬೇರೆ. 'ಹೇಳು' ಬೇರೆ, 'ಹೇಳಿಕೊಡು' ಬೇರೆ. 'ತಿಂದ' ಬೇರೆ, 'ತಿಂದುಬಿಟ್ಟ' ಬೇರೆ. ನಾವು ಬಾಲಕ್ಕೆ ಇನ್ನೊಂದು ಕ್ರಿಯಾಪದ ಸೇರಿಸುತ್ತೇವೆ, ಅವರು ಚಿಕ್ಕ ಪದ ಸೇರಿಸುತ್ತಾರೆ. 'ಲುಕ್ ಆಫ್ಟರ್' ನೋಡಿಕೊಳ್ಳುವುದು, 'ಈಟ್ ಅಪ್' ಪೂರ್ತಿ ತಿಂದುಬಿಡುವುದು.

ಮೊದಲು ಒಂದು ಬೆಂಗಳೂರು ರೋಗ ವಾಸಿ ಮಾಡಿಕೊಳ್ಳಿ. ನಾವು 'ಫ್ಯಾನ್ ಆಫ್ ಮಾಡು' ಎನ್ನುತ್ತೇವೆ. ಕನ್ನಡದಲ್ಲಿ ಅದು ಸರಿಯೇ, 'ಮಾಡು' ಇದೆಯಲ್ಲ. ಇಂಗ್ಲಿಷ್‌ಗೆ ಬಂದಾಗ 'ಮಾಡು' ಉದುರಿ 'ಆಫ್ ದ ಫ್ಯಾನ್', 'ಆನ್ ದ ಎಸಿ' ಉಳಿಯುತ್ತದೆ. ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ! 'ಟರ್ನ್ ಆಫ್' ಅಥವಾ 'ಸ್ವಿಚ್ ಆಫ್' ಎನ್ನಿ. ಫೋನಿಗೂ ಹೀಗೆ. 'ಹಿ ಈಸ್ ನಾಟ್ ಪಿಕಿಂಗ್ ದ ಕಾಲ್' ಅಲ್ಲ, 'ಹಿ ಈಸ್ ನಾಟ್ ಪಿಕಿಂಗ್ ಅಪ್'. ಬರೀ 'ಪಿಕ್' ಅಂದರೆ ಆರಿಸಿಕೊಳ್ಳುವುದು ಅಥವಾ ಹೂವು ಕೀಳುವುದು.

ಇನ್ನು ಕಲಿಯುವ ಬಗೆ. ಕ್ರಿಯಾಪದದ ಪ್ರಕಾರ ಗುಂಪು ಮಾಡಬೇಡಿ. ಲುಕ್ ಅಪ್, ಲುಕ್ ಫಾರ್, ಲುಕ್ ಇನ್‌ಟು, ಲುಕ್ ಆಫ್ಟರ್ ಒಟ್ಟಿಗೆ ಕಲಿತರೆ ಒಂದರ ಮೇಲೊಂದು ಬೀಳುತ್ತವೆ. ಎರಡು ಬೇರೆ ದಾರಿಗಳಿವೆ.

ಮೊದಲ ದಾರಿ, ಪಾರ್ಟಿಕಲ್ ಪ್ರಕಾರ. 'ಅಪ್' ಹಲವು ಕಡೆ 'ಪೂರ್ತಿ' ಎಂಬ ಅರ್ಥ ಕೊಡುತ್ತದೆ: ಯೂಸ್ ಅಪ್, ಕ್ಲೀನ್ ಅಪ್, ಫಿಲ್ ಅಪ್. 'ಡೌನ್' ಕಡಿಮೆಯಾಗುವುದು, ನಿಲ್ಲುವುದು: ಸ್ಲೋ ಡೌನ್, ಕಾಮ್ ಡೌನ್, ಶಟ್ ಡೌನ್, ಬ್ರೇಕ್ ಡೌನ್. 'ಆಫ್' ಬೇರೆಯಾಗುವುದು, ದೂರ ಹೋಗುವುದು: ಟೇಕ್ ಆಫ್, ಕಟ್ ಆಫ್, ಡ್ರಾಪ್ ಆಫ್, ಸೆಟ್ ಆಫ್. 'ಔಟ್' ಖಾಲಿಯಾಗುವುದು: ರನ್ ಔಟ್, ಸೆಲ್ ಔಟ್. 'ಆನ್' ಮುಂದುವರಿಯುವುದು: ಕ್ಯಾರಿ ಆನ್, ಗೋ ಆನ್. ಇದು ಸುಳಿವು ಮಾತ್ರ. 'ಗಿವ್ ಅಪ್', 'ಪುಟ್ ಅಪ್ ವಿತ್' ಈ ಲೆಕ್ಕಕ್ಕೆ ಸಿಗುವುದಿಲ್ಲ.

ಎರಡನೇ ದಾರಿ, ದಿನಚರಿ ಪ್ರಕಾರ. ಜಾಸ್ತಿ ಫಲ ಕೊಡುವುದು ಇದೇ. ಬೆಳಿಗ್ಗೆ ಏಳುತ್ತೀರಿ: ಗೆಟ್ ಅಪ್. ಗೀಸರ್ ಹಾಕುತ್ತೀರಿ: ಟರ್ನ್ ಆನ್. ಕರೆಂಟ್ ಹೋಗುತ್ತದೆ: ದ ಪವರ್ ಗೋಸ್ ಔಟ್. 'ಕರೆಂಟ್ ವೆಂಟ್' ಬೇಡ. ಸಂಪಿನಲ್ಲಿ ನೀರು ಖಾಲಿ: ವಿ ಹ್ಯಾವ್ ರನ್ ಔಟ್ ಆಫ್ ವಾಟರ್. ಮಗುವನ್ನು ಸ್ಕೂಲಿಗೆ ಬಿಡುತ್ತೀರಿ: ಡ್ರಾಪ್ ಆಫ್. ದಾರಿಯಲ್ಲಿ ಗಾಡಿ ಕೆಡುತ್ತದೆ: ಬ್ರೇಕ್ ಡೌನ್. ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುತ್ತೀರಿ: ಗೆಟ್ ಹೆಲ್ಡ್ ಅಪ್. ಮೀಟಿಂಗ್ ಮುಂದಕ್ಕೆ ಹೋಗುತ್ತದೆ: ಪುಟ್ ಆಫ್. ರದ್ದಾದರೆ: ಕಾಲ್ ಆಫ್. ಗೊತ್ತು ಮಾಡಿದ ಸಮಯಕ್ಕಿಂತ ಮುಂಚೆಯೇ ಇಟ್ಟುಕೊಂಡರೆ: ಬ್ರಿಂಗ್ ಫಾರ್ವರ್ಡ್. ನಮ್ಮ 'ಪ್ರಿಪೋನ್' ಚೊಕ್ಕ ಪದ, ನನಗಂತೂ ಇಷ್ಟ. ಆದರೆ ಭಾರತದ ಆಚೆ ಬಹಳ ಜನರಿಗೆ ತಿಳಿಯುವುದಿಲ್ಲ. ಸಂಜೆ ಬಾಕಿ ಕೆಲಸ ಮುಗಿಸುತ್ತೀರಿ: ಕ್ಯಾಚ್ ಅಪ್ ಆನ್ ವರ್ಕ್. ರಾತ್ರಿ ಹೊರಗೆ ಊಟ: ಈಟ್ ಔಟ್.

ಇದೇ ರೀತಿ ನಿಮ್ಮ ದಿನವನ್ನು ಬರೆಯಿರಿ. ಹತ್ತು ಹನ್ನೆರಡು ಸಾಕು. ಅವು ಬಾಯಿಗೆ ಹತ್ತಿದ ಮೇಲೆ ಮುಂದಿನವು.

## ಹಂತ 5: 'ಇಟ್' ಎಲ್ಲಿ ಕೂರಬೇಕು

ಇದನ್ನು ಕಲಿಯದೆ ಪಾರ್ಟಿಕಲ್ ಬಳಸಿದರೆ ವಾಕ್ಯ ಅಲ್ಲಲ್ಲೇ ಮುರಿಯುತ್ತದೆ. ಜೋಡಿಗಳು ನಾಲ್ಕು ಬಗೆ.

1. ಕರ್ಮ ಬೇಡದವು. ಗೆಟ್ ಅಪ್, ಶೋ ಅಪ್, ಬ್ರೇಕ್ ಡೌನ್. 'ಹಿ ಡಿಡ್‌ನ್ಟ್ ಶೋ ಅಪ್.' ಅಲ್ಲಿಗೆ ಮುಗಿಯಿತು.

2. ಬಿಡಿಸಬಹುದಾದವು. 'ಟರ್ನ್ ಆಫ್ ದ ಲೈಟ್' ಸರಿ, 'ಟರ್ನ್ ದ ಲೈಟ್ ಆಫ್' ಸರಿ. ಆದರೆ ಇಟ್, ಹಿಮ್, ಹರ್, ದೆಮ್ ಬಂದರೆ ಅದು ನಡುವೆಯೇ ಕೂರಬೇಕು: 'ಟರ್ನ್ ಇಟ್ ಆಫ್'. 'ಟರ್ನ್ ಆಫ್ ಇಟ್' ತಪ್ಪು. ಪಿಕ್ ಅಪ್, ಡ್ರಾಪ್ ಆಫ್, ಕಾಲ್ ಆಫ್, ಫಿಲ್ ಇನ್ ಎಲ್ಲ ಈ ಗುಂಪು.

3. ಬಿಡಿಸಲಾಗದವು. 'ಲುಕ್ ಆಫ್ಟರ್ ಹಿಮ್' ಮಾತ್ರ. 'ಲುಕ್ ಹಿಮ್ ಆಫ್ಟರ್' ಆಗದು. ಲುಕ್ ಫಾರ್, ಲುಕ್ ಇನ್‌ಟು, ವೇಟ್ ಫಾರ್ ಹೀಗೆಯೇ.

4. ಮೂರು ತುಂಡಿನವು. ಪುಟ್ ಅಪ್ ವಿತ್, ರನ್ ಔಟ್ ಆಫ್, ಕಮ್ ಅಪ್ ವಿತ್, ಲುಕ್ ಫಾರ್ವರ್ಡ್ ಟು. ಇವನ್ನು ಒಡೆಯದೆ ಒಟ್ಟಿಗೆ ಹೇಳಿಬಿಡಿ. ಕೊನೆಯದರಲ್ಲಿ ಎಚ್ಚರ: 'ಐ ಲುಕ್ ಫಾರ್ವರ್ಡ್ ಟು ಮೀಟ್ ಯು' ತಪ್ಪು, 'ಟು ಮೀಟಿಂಗ್ ಯು' ಸರಿ. ಇಲ್ಲಿನ 'ಟು' ಪ್ರಿಪೊಸಿಷನ್, ಅದರ ಮುಂದೆ ನಾಮಪದದ ಹಾಗೆ ನಡೆದುಕೊಳ್ಳುವ ರೂಪವೇ ಬೇಕು.

ಯಾವುದು ಯಾವ ಗುಂಪು ಎಂದು ಕಿವಿಯಿಂದಲೂ ಹಿಡಿಯಬಹುದು. 'ಟರ್ನ್ ಇಟ್ *ಆಫ್*' ಅನ್ನುವಾಗ ಒತ್ತು ಪಾರ್ಟಿಕಲ್ ಮೇಲೆ. '*ಲುಕ್* ಅಟ್ ಇಟ್' ಅನ್ನುವಾಗ ಒತ್ತು ಕ್ರಿಯಾಪದದ ಮೇಲೆ. ಗೊಂದಲ ಇದ್ದರೆ ನಿಘಂಟು ನೋಡಿ. ಸಮ್‌ಥಿಂಗ್ ಅಥವಾ ಸಮ್‌ಬಡಿ ಎಂಬ ಪದವನ್ನು ಎಲ್ಲಿ ಕೂರಿಸಿದ್ದಾರೆ ಎಂಬುದೇ ಉತ್ತರ. ಲಾಂಗ್‌ಮನ್‌ನಲ್ಲಿ ಎರಡೂ ಕಡೆ ಮೊನೆ ಇರುವ ಬಾಣದ ಗುರುತು ಇದ್ದರೆ, ಆ ಜೋಡಿ ಬಿಡಿಸಬಹುದಾದದ್ದು.

ಬರವಣಿಗೆಗೆ ಒಂದು ಮಾತು, ಐಟಿಯವರು ಓದಿಕೊಳ್ಳಿ. ಕ್ರಿಯಾಪದವಾದಾಗ ಎರಡು ಪದ, ನಾಮಪದವಾದಾಗ ಒಂದು ಪದ. 'ಲಾಗ್ ಇನ್' ಮಾಡುತ್ತೀರಿ, 'ಲಾಗಿನ್' ಪುಟ ತೆರೆಯುತ್ತದೆ. 'ಬ್ಯಾಕ್ ಅಪ್' ಮಾಡುತ್ತೀರಿ, 'ಬ್ಯಾಕಪ್' ಸಿಗುತ್ತದೆ. ಭೂತಕಾಲ ಬೇಕಾದಾಗ ಮೊದಲ ತುಂಡಿಗೆ ಸೇರಿಸಿ: 'ಲಾಗ್ಡ್ ಇನ್'.

## ಹಂತ 6: ಅನುಮಾನ ಬಂದಾಗ ಪರೀಕ್ಷೆ ಮಾಡುವುದು

ಗೂಗಲ್‌ನಲ್ಲಿ ಹುಡುಕಿ 'ಇಷ್ಟು ಲಕ್ಷ ರಿಸಲ್ಟ್ ಬಂತು, ಹಾಗಾಗಿ ಸರಿ' ಎನ್ನಬೇಡಿ. ಆ ಸಂಖ್ಯೆ ಬರೀ ಅಂದಾಜು, ತಪ್ಪು ಬರೆದವರೂ ಅದರಲ್ಲಿ ಸೇರಿರುತ್ತಾರೆ. ಗೂಗಲ್ ಬುಕ್ಸ್‌ನ ಎನ್‌ಗ್ರಾಮ್ ವ್ಯೂವರ್ ಬಳಸಿ. ಎರಡು ರೂಪಗಳನ್ನು ಕಾಮಾ ಹಾಕಿ ಟೈಪ್ ಮಾಡಿದರೆ, ಅಚ್ಚಾದ ಪುಸ್ತಕಗಳಲ್ಲಿ ಯಾವುದು ಎಷ್ಟು ಬಂದಿದೆ ಎಂಬ ಗೆರೆ ಕಾಣುತ್ತದೆ. ಅಲ್ಲೂ ಕಣ್ಣು ತೆರೆದಿರಲಿ. 'ಡಿಸ್ಕಸ್ ಅಬೌಟ್' ಹಾಕಿದರೆ 'ಡಿಸ್ಕಸ್ ಅಬೌಟ್ ಟ್ವೆಂಟಿ ಕೇಸಸ್' ಅನ್ನುವಂಥದ್ದೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ 'ಅಬೌಟ್' ಅಂದರೆ ಸುಮಾರು. ಆದ್ದರಿಂದ ಇನ್ನೊಂದು ಪದ ಸೇರಿಸಿ, 'ಡಿಸ್ಕಸ್ಡ್ ಅಬೌಟ್ ದ' ಎಂದು ಹುಡುಕಿ.

## ಅಪಾಯದ ಗುರುತುಗಳು

ಜೊತೆ ಹೆಚ್ಚಾಗಿದೆ. 'ರಿಟರ್ನ್ ಬ್ಯಾಕ್', 'ರಿವರ್ಟ್ ಬ್ಯಾಕ್', 'ಕೋಪ್ ಅಪ್ ವಿತ್'. ಕೊನೆಯದು 'ಕೀಪ್ ಅಪ್ ವಿತ್' ನೋಡಿ ಹುಟ್ಟಿದ ಕೂಸು ಇರಬೇಕು. 'ಕೋಪ್ ವಿತ್' ಅಷ್ಟೇ ಸರಿ.

ಜೊತೆ ತಪ್ಪಿದೆ. 'ಫಿಲ್ ಅಪ್ ದ ಫಾರ್ಮ್' ಅನ್ನುತ್ತೇವೆ. ಫಾರಂಗೆ 'ಫಿಲ್ ಇನ್' ಅಥವಾ 'ಫಿಲ್ ಔಟ್', ಎರಡೂ ಒಂದೇ. 'ಫಿಲ್ ಅಪ್' ಪೆಟ್ರೋಲ್ ಟ್ಯಾಂಕಿಗೆ ಇರಲಿ.

ಎದುರಿಗಿರುವವರ ಮುಖ ಬದಲಾಯಿತು. 'ಐ ಪಾಸ್ಡ್ ಔಟ್ ಇನ್ 2019' ಅಂದರೆ ಇಲ್ಲಿ ಡಿಗ್ರಿ ಮುಗಿಯಿತು, ಅಮೆರಿಕದವರಿಗೆ ಪ್ರಜ್ಞೆ ತಪ್ಪಿತು. 'ಗ್ರಾಜುಯೇಟೆಡ್' ಎನ್ನಿ. 'ಮೇಕ್ ಔಟ್' ಅನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಬಳಸಬಹುದು, ಆದರೆ ಅಮೆರಿಕದಲ್ಲಿ ಅದಕ್ಕೆ ಮುದ್ದಾಡುವ ಅರ್ಥವೂ ಇದೆ. ಆಫೀಸ್ ಕಾಲ್‌ನಲ್ಲಿ 'ಅಂಡರ್‌ಸ್ಟ್ಯಾಂಡ್' ಸಾಕು.

ಪ್ರತಿ ವಾಕ್ಯದಲ್ಲೂ ಫ್ರೇಸಲ್ ವರ್ಬ್. ಹೊಸದಾಗಿ ಕಲಿತವರ ಉತ್ಸಾಹ ಇದು. ಹೊರದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರಲ್ಲಿ ಜಾಸ್ತಿ. ಆ ಪರೀಕ್ಷೆಯ ರೈಟಿಂಗ್ ಅಂಕ ನಾಲ್ಕು ಅಳತೆಗಳಲ್ಲಿ ಸಮನಾಗಿ ಹಂಚಿಕೆಯಾಗುತ್ತದೆ. ಅದರಲ್ಲಿ ಒಂದು ಪದಸಂಪತ್ತು, ಜೋಡಿಗಳು ಸರಿಯಾಗಿವೆಯೇ ಎಂದು ನೋಡುವುದು ಅಲ್ಲೇ. ಸರಿ ಕೂರದ ಹತ್ತು ಫ್ರೇಸಲ್ ವರ್ಬ್‌ಗಿಂತ ಸರಿಯಾಗಿ ಕೂತ 'ಪೇ ಅಟೆನ್ಷನ್', 'ಮೇಕ್ ಪ್ರೋಗ್ರೆಸ್' ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತವೆ.

## ಏನನ್ನು ತಿದ್ದುವ ಅಗತ್ಯ ಇಲ್ಲ

'ಟೇಕ್ ಎ ಡಿಸಿಷನ್' ತಪ್ಪು ಎಂದು ಕೆಲವರು ಹೇಳಿಕೊಡುತ್ತಾರೆ. ಅಮೆರಿಕದಲ್ಲಿ 'ಮೇಕ್' ರೂಢಿ, ಬ್ರಿಟನ್ನಿನಲ್ಲಿ ಎರಡೂ ನಡೆಯುತ್ತವೆ. 'ರೈಟ್ ಆ್ಯನ್ ಎಕ್ಸಾಮ್' ಕೆನಡಾ, ದಕ್ಷಿಣ ಆಫ್ರಿಕಾದಲ್ಲೂ ಇದೆ. ಪಕ್ಕದ ಮನೆಯವರ ಜೊತೆ, ಟೀಮಿನ ಗೆಳೆಯರ ಜೊತೆ 'ಪ್ರಿಪೋನ್', 'ಗೆಟ್ ಡೌನ್' ಆರಾಮಾಗಿ ಬಳಸಿ. ಅವರನ್ನು ಮಾತಿನ ಮಧ್ಯೆ ತಿದ್ದಲು ಹೋಗಬೇಡಿ, ಸ್ನೇಹ ಕೆಡುತ್ತದೆ.

ಹೊರದೇಶಕ್ಕೆ ಹೋಗುವ ಮೇಲ್, ರೆಸ್ಯೂಮೆ, ಪರೀಕ್ಷೆ ಈ ಮೂರಕ್ಕೆ ಮಾತ್ರ ಕಟ್ಟುನಿಟ್ಟು ಇರಲಿ. ಕಳಿಸುವ ಮುಂಚೆ ಒಂದೊಂದು ಕ್ರಿಯಾಪದದ ಕೆಳಗೂ ಗೆರೆ ಎಳೆದು, ಅದರ ಬಲಗಡೆ ಏನಿದೆ ಎಂದಷ್ಟೇ ನೋಡಿ. ನಾಮಪದ ಇದ್ದರೆ ಎರಡನೇ ಹಂತ, ಪ್ರಿಪೊಸಿಷನ್ ಇದ್ದರೆ ಮೂರನೇ ಹಂತ, ಪಾರ್ಟಿಕಲ್ ಇದ್ದರೆ ಐದನೇ ಹಂತ. ಮೇಲ್ ಕಳಿಸಲು ಐದೇ ನಿಮಿಷ ಇದೆ, ಯಾವ ಪಾರ್ಟಿಕಲ್ ಎಂದು ಹೊಳೆಯುತ್ತಿಲ್ಲ ಅಂದರೆ ಒಂಟಿ ಪದಕ್ಕೆ ಹೋಗಿ: 'ಪುಟ್ ಆಫ್' ಬದಲು 'ಪೋಸ್ಟ್‌ಪೋನ್', 'ಕಾಲ್ ಆಫ್' ಬದಲು 'ಕ್ಯಾನ್ಸಲ್', 'ಲುಕ್ ಇನ್‌ಟು' ಬದಲು 'ಚೆಕ್'.